ಕಸದ ಬಾಯಿಯ ಮುಂದೆ ಕುಳಿತು ನೋಡಿ
ಓದುಗರ ಪ್ರಶ್ನೆಗಳಿಗೆ ಉತ್ತರ: ಕಾಳು ಹಸನು ಮಾಡುವ ಯಂತ್ರಗಳು

ಸುಗ್ಗಿ ಮುಗಿದು ಕಣಗಳು ಬರಿದಾಗುವ ಹೊತ್ತಿಗೆ ನನಗೆ ಬರುವ ಪತ್ರಗಳ ಕಟ್ಟು ದಪ್ಪವಾಗುತ್ತದೆ. ಶಿರಾ ಕಡೆಯ ಒಂದು ಧಾನ್ಯ ಹಸನು ಮಾಡುವ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಫಿಟ್ಟರ್ ಆಗಿದ್ದವನು ನಾನು. ಈಗ ಊರಿನಲ್ಲೇ ಎರಡು ಯಂತ್ರ ಇಟ್ಟುಕೊಂಡು ಸುತ್ತಲಿನ ಹಳ್ಳಿಗಳ ರಾಗಿ, ಹುರುಳಿ, ತೊಗರಿಯನ್ನು ಬಾಡಿಗೆಗೆ ಹಸನು ಮಾಡಿಕೊಡುತ್ತೇನೆ. ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚು ಜನರಿಗೆ ಉಪಯೋಗಕ್ಕೆ ಬರುವಂಥವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಎರಡೂವರೆ ಎಕರೆಯಲ್ಲಿ ಹದಿನೆಂಟು ಕ್ವಿಂಟಲ್ ರಾಗಿ ಬಂತು. ಖರೀದಿ ಕೇಂದ್ರಕ್ಕೆ ಒಯ್ದರೆ ಕಲ್ಲು, ಕಸ ಹೆಚ್ಚಿದೆ ಎಂದು ವಾಪಸು ಕಳುಹಿಸಿದರು. ದೊಡ್ಡ ಫ್ಯಾನ್ ಇಟ್ಟು ಎರಡು ಸಲ ತೂರಿದ್ದೇವೆ. ಯಾವ ಯಂತ್ರ ಕೊಂಡರೆ ಒಂದೇ ಸಲಕ್ಕೆ ಹಸನಾಗುತ್ತದೆ?
– ಒಬ್ಬ ರೈತ, ಚಿಕ್ಕನಾಯಕನಹಳ್ಳಿ ತಾಲ್ಲೂಕು

ಉತ್ತರ: ಯಂತ್ರದ ಮಾತು ಆಮೇಲೆ. ಮೊದಲು ಅಡುಗೆ ಮನೆಯಿಂದ ಒಂದು ಸ್ಟೀಲ್ ತಟ್ಟೆ ತನ್ನಿ. ಚೀಲದ ಬಾಯಿಯಿಂದಲ್ಲ, ನಡುವಿನಿಂದ ಒಂದು ಹಿಡಿ, ತಳದಿಂದ ಒಂದು ಹಿಡಿ ರಾಗಿ ತೆಗೆದು ತಟ್ಟೆಗೆ ಹಾಕಿ ಬಿಸಿಲಿನಲ್ಲಿ ಕುಳಿತುಕೊಳ್ಳಿ. ಅದರಲ್ಲಿರುವ ಕಸವನ್ನು ಬೆರಳ ತುದಿಯಿಂದ ಸರಿಸುತ್ತಾ ನಾಲ್ಕು ಗುಡ್ಡೆ ಮಾಡಿ. ಊದಿದರೆ ಹಾರುವುದು ಒಂದು ಗುಡ್ಡೆ: ಹೊಟ್ಟು, ಸಿಪ್ಪೆ, ಜೊಳ್ಳು. ರಾಗಿಗಿಂತ ದೊಡ್ಡದು ಇನ್ನೊಂದು: ತೆನೆಯ ತುಣುಕು, ಕಡ್ಡಿ, ಮಣ್ಣಿನ ಹೆಂಟೆ, ಅಕ್ಕಡಿ ಸಾಲಿನಿಂದ, ಅಂದರೆ ರಾಗಿಯ ನಡುವೆ ಬೇರೆ ಬೆಳೆ ಹಾಕಿದ ಸಾಲಿನಿಂದ, ಬಂದ ಅವರೆ, ತೊಗರಿ. ರಾಗಿಗಿಂತ ಸಣ್ಣದು ಮೂರನೆಯದು: ದೂಳು, ನುಣ್ಣನೆಯ ಮರಳು, ಕೀರೆ ಬೀಜ. ನಾಲ್ಕನೆಯದು ರಾಗಿಯಷ್ಟೇ ಗಾತ್ರದ, ರಾಗಿಯದೇ ಬಣ್ಣದ, ಮುದ್ದೆ ನುಂಗುವಾಗ ಮಾತ್ರ ಗೊತ್ತಾಗುವ ಕಲ್ಲು.

ಈ ನಾಲ್ಕು ಗುಡ್ಡೆಗಳಲ್ಲಿ ಯಾವುದು ದೊಡ್ಡದೋ ಅದೇ ನಿಮಗೆ ಬೇಕಾದ ಯಂತ್ರದ ಹೆಸರು ಹೇಳುತ್ತದೆ. ಹಾರುವುದಕ್ಕೆ ಗಾಳಿ ಸಾಕು. ದೊಡ್ಡದಕ್ಕೂ ಸಣ್ಣದಕ್ಕೂ ಜರಡಿ ಬೇಕು. ಒಂದೇ ಗಾತ್ರದ ಕಲ್ಲಿಗೆ ಗಾಳಿಯೂ ಸಾಲದು, ಜರಡಿಯೂ ಸಾಲದು. ನೀವು ಎರಡು ಸಲ ತೂರಿದಿರಿ ಎಂದು ಬರೆದಿದ್ದೀರಿ. ಹತ್ತು ಸಲ ತೂರಿದರೂ ಕಲ್ಲು ಹೋಗುವುದಿಲ್ಲ. ಫ್ಯಾನಿನ ಗಾಳಿಗೆ ಹೊಟ್ಟು ದೂರ ಬೀಳುತ್ತದೆ, ಜೊಳ್ಳು ನಡುವೆ ಬೀಳುತ್ತದೆ, ಗಟ್ಟಿ ಕಾಳು ಹತ್ತಿರ ಬೀಳುತ್ತದೆ. ಕಾಳಿಗಿಂತ ಭಾರವಾದ ಕಲ್ಲು ಇನ್ನೆಲ್ಲಿ ಬೀಳಬೇಕು? ಗಟ್ಟಿ ಕಾಳಿನ ರಾಶಿಯಲ್ಲೇ ಬೀಳುತ್ತದೆ. ತೂರಿದಷ್ಟೂ ಹೊಟ್ಟು ಕಡಿಮೆಯಾಗಿ ರಾಶಿಯಲ್ಲಿ ಕಲ್ಲಿನ ಪಾಲು ಹೆಚ್ಚುತ್ತದೆಯೇ ಹೊರತು ಕಲ್ಲು ಕಡಿಮೆಯಾಗುವುದಿಲ್ಲ.

ಬೆಂಬಲ ಬೆಲೆಯ ಖರೀದಿಗೆ ರಾಗಿಯಲ್ಲಿ ಅನ್ಯವಸ್ತು ನೂರು ಕಿಲೋಗೆ ಒಂದು ಕಿಲೋ ಮೀರಬಾರದು, ತೇವಾಂಶ ಶೇ 12 ಮೀರಬಾರದು. ಇದು ಎಲ್ಲರಿಗೂ ಗೊತ್ತು. ಆ ಒಂದು ಕಿಲೋದೊಳಗೆ ಮಣ್ಣು, ಕಲ್ಲಿನ ಪಾಲು ಕಾಲು ಕಿಲೋ ದಾಟಬಾರದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಒಂದು ಕ್ವಿಂಟಲಿಗೆ ಕಾಲು ಕಿಲೋ ಎಂದರೆ ಎರಡು ಮೂರು ಹಿಡಿ ಮರಳು ಅಷ್ಟೆ. ಮಣ್ಣಿನ ಕಣದಲ್ಲಿ ಒಂದು ಸಲ ಪೊರಕೆ ಜೋರಾಗಿ ಎಳೆದರೆ ಅಷ್ಟು ಸೇರಿಬಿಡುತ್ತದೆ.

ನೀವು ಎಲ್ಲಿ ಒಕ್ಕಿದಿರಿ ಎಂದು ಬರೆದಿಲ್ಲ. ಟಾರು ರಸ್ತೆಯ ಮೇಲೆ ಹರಡಿ ಲಾರಿ, ಬಸ್ಸುಗಳಿಂದ ತುಳಿಸಿದ್ದರೆ ನಿಮ್ಮ ತಟ್ಟೆಯಲ್ಲಿ ಕಪ್ಪು ಜಲ್ಲಿಪುಡಿ ಕಾಣುತ್ತದೆ. ದಯವಿಟ್ಟು ಬಿಡಿ. ಕಲ್ಲಿನ ಮಾತು ಹಾಗಿರಲಿ, ರಾಗಿ ಹುಲ್ಲಿನ ಮೇಲೆ ಜಾರಿ ಬೈಕಿನಿಂದ ಬಿದ್ದವರನ್ನು ನಾನೇ ಎತ್ತಿ ಕೂರಿಸಿದ್ದೇನೆ. ಸಗಣಿಯಿಂದ ಗಟ್ಟಿಯಾಗಿ ಸಾರಿಸಿದ ಕಣ, ಅದಾಗದಿದ್ದರೆ ದಪ್ಪ ಟಾರ್ಪಾಲು, ಇವು ನಿಮ್ಮ ಮೊದಲ ಹಸನು ಯಂತ್ರ.

ಇನ್ನು ಕೊಳ್ಳುವ ಮಾತು. ಹದಿನೆಂಟು ಕ್ವಿಂಟಲಿಗಾಗಿ ಯಂತ್ರ ಕೊಳ್ಳಬೇಡಿ. ವರ್ಷದಲ್ಲಿ ಎರಡು ದಿನ ಓಡಿ ಉಳಿದ ದಿನ ಇಲಿಗೆ ಮನೆಯಾಗುತ್ತದೆ. ನಿಮ್ಮ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಇದೆಯೇ ಕೇಳಿ, ಇಲ್ಲವೇ ಹತ್ತಿರದ ಹಸನು ಗಿರಣಿಗೆ ಒಯ್ಯಿರಿ. ಅಲ್ಲಿ ಒಂದಾದ ಮೇಲೊಂದು ಎರಡು ಯಂತ್ರ ಇರಬೇಕು. ಮೊದಲನೆಯದು ಗಾಳಿ ಮತ್ತು ಜರಡಿ ಒಟ್ಟಿಗೆ ಇರುವುದು. ಮೇಲಿನ ಜರಡಿ ದೊಡ್ಡ ಕಸವನ್ನು ತಡೆದು ರಾಗಿಯನ್ನು ಕೆಳಕ್ಕೆ ಬಿಡುತ್ತದೆ, ಕೆಳಗಿನ ಜರಡಿ ರಾಗಿಯನ್ನು ತಡೆದು ದೂಳನ್ನು ಬಿಡುತ್ತದೆ. ಎರಡನೆಯದು ಕಲ್ಲು ತೆಗೆಯುವ ಯಂತ್ರ, ಅಂದರೆ ಡಿಸ್ಟೋನರ್. ಈ ಕ್ರಮ ತಿರುವುಮುರುವಾಗಬಾರದು. ಕಡ್ಡಿ, ಹೊಟ್ಟು ಇರುವ ರಾಗಿಯನ್ನು ನೇರವಾಗಿ ಡಿಸ್ಟೋನರಿಗೆ ಸುರಿದರೆ ಅದು ಕಲ್ಲನ್ನೂ ಬಿಡುತ್ತದೆ, ಕಾಳನ್ನೂ ಚೆಲ್ಲುತ್ತದೆ.

ಯಂತ್ರ ಓಡುವಾಗ ಎಲ್ಲರೂ ಒಳ್ಳೆಯ ರಾಗಿ ಬೀಳುವ ಬಾಯಿಯ ಮುಂದೆ ನಿಂತು ಸಂತೋಷಪಡುತ್ತಾರೆ. ನೀವು ಕಸದ ಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಬೀಳುವ ಕಸಕ್ಕೆ ಅಂಗೈ ಒಡ್ಡಿ ನೋಡಿ. ಗಾಳಿಗೆ ಹಾರಿ ಬಂದ ಕಸದಲ್ಲಿ ಗಟ್ಟಿ ಕಾಳು ಬರುತ್ತಿದ್ದರೆ ಕೂಡಲೇ ಗಾಳಿ ಕಡಿಮೆ ಮಾಡಿ ಎನ್ನಿ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಕ್ವಿಂಟಲಿಗೆ ಎರಡು ಕಿಲೋ ಒಳ್ಳೆಯ ರಾಗಿ ಕಸದ ಚೀಲಕ್ಕೆ ಹೋದರೆ ಸುಮಾರು 98 ರೂಪಾಯಿ ಹೋಯಿತು. ನಿಮ್ಮ ಹದಿನೆಂಟು ಕ್ವಿಂಟಲಿಗೆ ಲೆಕ್ಕ ಹಾಕಿಕೊಳ್ಳಿ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದಿಂದ ಸಾವೆ ಮತ್ತು ನವಣೆ ಹಸನು ಮಾಡಲು ಡಿಸ್ಟೋನರ್ ತಂದಿದ್ದೇವೆ. ಮುಂಜಾನೆ ಬಹಳ ಚಲೋ ಕೆಲಸ ಮಾಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಾಳಿನಲ್ಲಿ ಕಲ್ಲು ಬರುತ್ತವೆ. ಯಂತ್ರ ಕೊಟ್ಟವರು ಬಂದು ನೋಡಿ ಏನೂ ತೊಂದರೆ ಇಲ್ಲ ಎಂದು ಹೋದರು. ಅವರು ಬಂದದ್ದು ಮುಂಜಾನೆ.
– ಸಂಘದ ಸದಸ್ಯೆಯರು, ಹಾವೇರಿ ಜಿಲ್ಲೆ

ಉತ್ತರ: ಅಕ್ಕಂದಿರೇ, ನಿಮ್ಮ ಪತ್ರದ ಕೊನೆಯ ವಾಕ್ಯದಲ್ಲೇ ಉತ್ತರದ ಅರ್ಧ ಇದೆ. ಮುಂಜಾನೆಗೂ ಮಧ್ಯಾಹ್ನಕ್ಕೂ ನಡುವೆ ಯಂತ್ರದಲ್ಲಿ ಬದಲಾಗುವುದು ಏನು ಎಂದು ನೋಡಬೇಕು.

ನೀವು ಅಕ್ಕಿಯನ್ನು ನೀರಿನಲ್ಲಿ ಜಾಲಿಸುತ್ತೀರಲ್ಲ, ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಪಾತ್ರೆಯನ್ನು ಓರೆಯಾಗಿ ಹಿಡಿದು ಅಲುಗಿಸಿದರೆ ಕಾಳು ನೀರಿನ ಜೊತೆ ತೇಲಿ ಮುಂದಕ್ಕೆ ಹೋಗುತ್ತದೆ, ಕಲ್ಲು ತಳ ಹಿಡಿದು ಕೂರುತ್ತದೆ. ಕಲ್ಲು ನೀರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಭಾರ, ಕಾಳು ಒಂದೂವರೆ ಪಟ್ಟನ್ನೂ ಮುಟ್ಟುವುದಿಲ್ಲ. ಡಿಸ್ಟೋನರ್ ಮಾಡುವುದೂ ಅದನ್ನೇ, ನೀರಿನ ಬದಲು ಗಾಳಿಯಲ್ಲಿ. ಓರೆಯಾಗಿ ಇಟ್ಟ ಒಂದು ಜಾಲರಿ ಹಾಸು, ಅದರ ಕೆಳಗಿನಿಂದ ಮೇಲಕ್ಕೆ ಫ್ಯಾನಿನ ಗಾಳಿ. ಆ ಗಾಳಿಯ ಮೇಲೆ ಕಾಳು ಹಾಸನ್ನು ಮುಟ್ಟಿಯೂ ಮುಟ್ಟದಂತೆ ತೇಲಿ, ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ. ಕಲ್ಲನ್ನು ಎತ್ತುವಷ್ಟು ಶಕ್ತಿ ಆ ಗಾಳಿಗೆ ಇಲ್ಲ. ಕಲ್ಲು ಜಾಲರಿಗೆ ಅಂಟಿಕೊಂಡು, ಹಾಸಿನ ಒಂದೊಂದು ಕುಲುಕಿಗೂ ಒಂದೊಂದು ಹೆಜ್ಜೆ ಮೇಲಕ್ಕೆ ಹತ್ತುತ್ತದೆ. ಯಂತ್ರದ ಪಕ್ಕ ನಿಂತು ನೋಡಿದರೆ ಕಣ್ಣಿಗೇ ಕಾಣುತ್ತದೆ: ಹಳದಿ ನವಣೆ ಹೊಳೆಯಂತೆ ಕೆಳಗೆ ಇಳಿಯುತ್ತಿರುತ್ತದೆ, ಅದರ ಅಡಿಯಿಂದ ಬೂದು ಬಣ್ಣದ ಚುಕ್ಕೆಗಳು ಒಂದೊಂದಾಗಿ ಎದ್ದು, ಹೊಳೆಗೆ ಎದುರಾಗಿ, ಇರುವೆ ಸಾಲಿನ ಹಾಗೆ ಮೇಲಿನ ಮೂಲೆಗೆ ಹೋಗುತ್ತಿರುತ್ತವೆ. ಇಪ್ಪತ್ತಾರು ವರ್ಷ ನೋಡಿದ್ದೇನೆ, ಇವತ್ತಿಗೂ ಎರಡು ನಿಮಿಷ ಸುಮ್ಮನೆ ನಿಂತು ನೋಡುತ್ತೇನೆ.

ಈಗ ನಿಮ್ಮ ತೊಂದರೆಗೆ ಬರೋಣ. ಸಾವೆ, ನವಣೆಯ ದೂಳು ಬಹಳ ನುಣುಪು. ಅದು ಆ ಜಾಲರಿಯ ಕಣ್ಣುಗಳಿಗೆ ಹೊಕ್ಕು ಕೂರುತ್ತದೆ. ಮೂರು ನಾಲ್ಕು ಗಂಟೆ ಓಡಿದ ಮೇಲೆ ಹಾಸಿನ ಅರ್ಧ ಕಣ್ಣು ಮುಚ್ಚಿರುತ್ತದೆ. ಗಾಳಿ ತೆರೆದ ಕಣ್ಣುಗಳಲ್ಲಿ ಮಾತ್ರ ನುಗ್ಗುತ್ತದೆ. ಅಲ್ಲಿ ಕಲ್ಲೂ ಹಾರಿ ಕಾಳಿನ ಜೊತೆ ಇಳಿಯುತ್ತದೆ, ಮುಚ್ಚಿದ ಕಡೆ ಕಾಳೂ ಕೂತು ಕಲ್ಲಿನ ಜೊತೆ ಹತ್ತುತ್ತದೆ. ನಿಮ್ಮ ಕಲ್ಲಿನ ಚೀಲದಲ್ಲಿ ಮಧ್ಯಾಹ್ನದ ನಂತರ ಕಾಳೂ ಹೆಚ್ಚು ಬಿದ್ದಿರಬೇಕು. ನೋಡಿ, ಹಾಗಿದ್ದರೆ ಇದೇ ಕಾರಣ. ಎರಡು ಗಂಟೆಗೊಮ್ಮೆ ಯಂತ್ರ ನಿಲ್ಲಿಸಿ, ಸ್ವಿಚ್ಚು ಆರಿಸಿ, ಗಟ್ಟಿ ಬ್ರಷ್‌ನಿಂದ ಹಾಸನ್ನು ಉಜ್ಜಿ. ಸಾಧ್ಯವಿದ್ದರೆ ಬಿಚ್ಚಿ ಅಡಿಯಿಂದಲೂ ತಟ್ಟಿ. ನೀರು ಮುಟ್ಟಿಸಬೇಡಿ, ದೂಳು ಕೆಸರಾಗಿ ಒಣಗಿದರೆ ಸೂಜಿಯಲ್ಲೂ ಬರುವುದಿಲ್ಲ. ಇನ್ನೊಂದು, ದೂಳು ಇಷ್ಟು ಬರುತ್ತಿದೆ ಎಂದರೆ ಮೊದಲು ಜರಡಿ ಯಂತ್ರದಲ್ಲಿ ಹಸನು ಮಾಡಿರುವುದು ಸಾಲುತ್ತಿಲ್ಲ.

ಎರಡನೆಯ ಕಾರಣವನ್ನೂ ಹೇಳಿಬಿಡುತ್ತೇನೆ, ನಾನೇ ಅದರಲ್ಲಿ ಬಿದ್ದಿದ್ದೇನೆ. ಹಾಸಿನ ಮೇಲೆ ಕಾಳಿನ ಪದರ ಎಲ್ಲ ಕಡೆ ಒಂದೇ ದಪ್ಪ ಇರಬೇಕು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಮೇಲಿನ ಡಬ್ಬಿ ಖಾಲಿಯಾಗುತ್ತಿದ್ದುದನ್ನು ಗಮನಿಸದೆ ಊಟಕ್ಕೆ ಹೋಗಿದ್ದೆ. ಹಾಸು ಅಲ್ಲಲ್ಲಿ ಬರಿದಾಗಿ, ಗಾಳಿಯೆಲ್ಲ ಆ ಬರಿದಾದ ಜಾಗದಿಂದ ಹೊರಟುಹೋಗಿ, ಕೊನೆಯ ನಾಲ್ಕು ಚೀಲಗಳಿಗೆ ಕಲ್ಲು ಸೇರಿತು. ಆ ನಾಲ್ಕು ಚೀಲ ಒಂದು ಮದುವೆ ಮನೆಗೆ ಹೋದವು. ಮದುವೆ ಊಟದ ಎಲೆಯ ಮುಂದೆ ಒಬ್ಬ ಹಿರಿಯರು ಬಾಯಿಗೆ ಕೈ ಹಿಡಿದುಕೊಂಡದ್ದನ್ನು ಕೇಳಿದ ಮೇಲೆ ಆ ಡಬ್ಬಿ ಖಾಲಿಯಾಗಲು ನಾನು ಒಂದು ದಿನವೂ ಬಿಟ್ಟಿಲ್ಲ. ಹಾಸು ತುಂಬಿದ ಮೇಲೆ ಒಳ್ಳೆಯ ಕಾಳಿನ ಚೀಲ ಕಟ್ಟಿ. ಮೊದಲ ಒಂದೆರಡು ನಿಮಿಷದ್ದನ್ನೂ ಕೊನೆಯ ಒಂದೆರಡು ನಿಮಿಷದ್ದನ್ನೂ ಪಕ್ಕಕ್ಕೆ ಇಟ್ಟು ಮತ್ತೆ ಸುರಿಯಿರಿ.

ಸಾವೆಯಿಂದ ನವಣೆಗೆ ಬದಲಿಸುವಾಗ ಗಾಳಿಯ ಬಾಗಿಲನ್ನು ಹೊಸದಾಗಿ ಹೊಂದಿಸಬೇಕು. ಎರಡಕ್ಕೂ ಹೊಂದಿದ ಜಾಗಕ್ಕೆ ಸುಣ್ಣದಲ್ಲಿ ಗೆರೆ ಎಳೆದು ಇಟ್ಟುಕೊಳ್ಳಿ.

ಮುಂದೆ ಸಿಪ್ಪೆ ತೆಗೆಯುವ ಯಂತ್ರವನ್ನೂ ತರುವ ಆಸೆ ಇದೆ ಎಂದಿದ್ದೀರಿ. ಕಿರು ಆಹಾರ ಸಂಸ್ಕರಣೆಗೆಂದು 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಬ್ಯಾಂಕ್ ಸಾಲದ ಜೊತೆ ಯಂತ್ರದ ವೆಚ್ಚಕ್ಕೆ ಶೇ 35 ಸಹಾಯಧನ ಎಂದು ಇತ್ತು. ಈ ವರ್ಷ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಜಿಲ್ಲಾ ಕೃಷಿ ಕಚೇರಿಯಲ್ಲಿ ವಿಚಾರಿಸಿ. ಸಹಾಯಧನ ಇದೆಯೆಂದು ಬೇಕಿಲ್ಲದ ದೊಡ್ಡ ಯಂತ್ರ ತರಬೇಡಿ. ನಿಮ್ಮ ಕಟ್ಟಡಕ್ಕೆ ಸಿಂಗಲ್ ಫೇಸ್ ವಿದ್ಯುತ್ ಇದೆಯೋ ಮೂರು ಫೇಸ್ ಇದೆಯೋ ಎಂಬುದನ್ನು ಯಂತ್ರ ನೋಡುವ ಮೊದಲೇ ಬರೆದುಕೊಂಡು ಹೋಗಿ.

ಪ್ರಶ್ನೆ: ಸೋಯಾ ಅವರೆ ಬೀಜ ಹಸನು ಮಾಡಲು ಕರೆಂಟು ಬೇಡದ ಸುರುಳಿ ಯಂತ್ರ ಇದೆ ಎನ್ನುತ್ತಾರೆ. ನಿಜವೇ? ಮೋಸವೇ?
– ಒಬ್ಬ ಓದುಗರು, ಔರಾದ, ಬೀದರ್ ಜಿಲ್ಲೆ

ಉತ್ತರ: ನಿಜ. ನಿಂತ ಕಂಬದ ಸುತ್ತ ತಗಡನ್ನು ಹಾವಿನ ಸುತ್ತಿನಂತೆ ಸುತ್ತಿರುತ್ತಾರೆ. ಮೇಲಿನಿಂದ ಕಾಳು ಬಿಟ್ಟರೆ ದುಂಡು ಕಾಳು ಉರುಳುತ್ತಾ ವೇಗ ಹೆಚ್ಚಿಸಿಕೊಂಡು ಹೊರ ಅಂಚನ್ನು ಹಾರಿ ದೊಡ್ಡ ಸುರುಳಿಗೆ ಬೀಳುತ್ತದೆ. ಒಡೆದ ಬೇಳೆ, ಚಪ್ಪಟೆ ಕಾಳು, ಸುಕ್ಕು ಕಾಳು ಉರುಳಲಾರದೆ ಜಾರುತ್ತಾ ಒಳ ಸುರುಳಿಯಲ್ಲೇ ಇಳಿಯುತ್ತವೆ. ಮೋಟಾರು ಇಲ್ಲ, ಬೆಲ್ಟು ಇಲ್ಲ. ತಗಡು ನುಣುಪಾಗಿರಬೇಕು, ತುಕ್ಕು ಹಿಡಿಯಬಾರದು, ಕಾಳು ಒಂದೇ ಸಮನೆ ಬೀಳಬೇಕು, ಅಷ್ಟೇ. ದುಂಡಗಿನ ಮಣ್ಣುಂಡೆ ಇದ್ದರೆ ಅದೂ ಕಾಳಿನ ಜೊತೆಯೇ ಉರುಳುತ್ತದೆ, ಆದ್ದರಿಂದ ಮೊದಲು ಜರಡಿ ಹಿಡಿಯಿರಿ.

ಬೀಜಕ್ಕೆಂದು ಕೇಳಿದ್ದೀರಿ, ಅದಕ್ಕೆ ಒಂದು ಎಚ್ಚರಿಕೆ. ಸೋಯಾದ ಸಿಪ್ಪೆ ಬಹಳ ತೆಳು, ಮೊಳಕೆ ಸಿಪ್ಪೆಯ ಕೆಳಗೇ ಇರುತ್ತದೆ. ಪೆಟ್ಟು ಬಿದ್ದರೆ ಮೇಲೆ ಏನೂ ಕಾಣದೆ ಒಳಗೆ ಸತ್ತಿರುತ್ತದೆ. ಪ್ರಮಾಣಿತ ಭತ್ತದ ಬೀಜಕ್ಕೆ ಕನಿಷ್ಠ ಮೊಳಕೆ ಶೇ 80 ಎಂದಿದ್ದರೆ ಸೋಯಾಕ್ಕೆ ಶೇ 70 ಎಂದೇ ನಿಯಮ ಇರುವುದು. ಚೀಲವನ್ನು ಎತ್ತಿ ಹಾಕಬೇಡಿ, ಎತ್ತರದಿಂದ ಸಿಮೆಂಟ್ ನೆಲಕ್ಕೆ ಸುರಿಯಬೇಡಿ, ಒಕ್ಕುವಾಗ ಡ್ರಮ್ಮಿನ ವೇಗ ತಗ್ಗಿಸಿ. ಬಿತ್ತುವ ಮುಂಚೆ ನೂರು ಕಾಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು ಎಷ್ಟು ಮೊಳೆತವು ಎಂದು ಎಣಿಸಿ.

ಪ್ರಶ್ನೆ: ನಮ್ಮ ರಾಗಿಯಲ್ಲಿ ಸಾಸಿವೆ ಬೆರೆತಿದೆ. ಯಾವ ಜರಡಿ ಹಾಕಿದರೂ ಹೋಗುತ್ತಿಲ್ಲ.
– ಚಿಂತಾಮಣಿಯ ಒಬ್ಬ ಗೃಹಿಣಿ

ಉತ್ತರ: ಹೋಗುವುದಿಲ್ಲ ತಾಯಿ. ಜರಡಿಯ ದುಂಡು ಕಣ್ಣು ಕಾಳಿನ ಅಗಲವನ್ನು ಅಳೆಯುತ್ತದೆ, ಸೀಳು ಕಣ್ಣು ದಪ್ಪವನ್ನು ಅಳೆಯುತ್ತದೆ. ಸಣ್ಣ ಸಾಸಿವೆಯೂ ರಾಗಿಯೂ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಎರಡೂ ದುಂಡಗಿರುವುದರಿಂದ ಸುರುಳಿ ಯಂತ್ರವೂ ನಡೆಯದು. ಅವುಗಳ ನಡುವೆ ಹಿಡಿಯಬಹುದಾದ ವ್ಯತ್ಯಾಸ ತೂಕ. ಸಾಸಿವೆಯಲ್ಲಿ ಎಣ್ಣೆ ಇದೆ, ಗಾತ್ರ ಒಂದೇ ಇದ್ದರೂ ರಾಗಿಗಿಂತ ಹಗುರ. ಬೀಜ ಸಂಸ್ಕರಣಾ ಘಟಕಗಳಲ್ಲಿ ಗ್ರಾವಿಟಿ ಟೇಬಲ್ ಎಂಬ ಯಂತ್ರ ಇರುತ್ತದೆ. ಡಿಸ್ಟೋನರಿನ ದೊಡ್ಡಣ್ಣ ಎನ್ನಬಹುದು. ಅದರ ಹಾಸಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಭಾರದ ಕಾಳಿನಿಂದ ಹಗುರ ಕಾಳಿನವರೆಗೆ ಸಾಲಾಗಿ ಬೀಳುತ್ತವೆ. ಅಲ್ಲಿ ಬಹುಪಾಲು ಬೇರೆಯಾಗುತ್ತದೆ, ನಡುವೆ ಬೆರಕೆಯ ಒಂದು ಪಾಲು ಉಳಿದೇ ಉಳಿಯುತ್ತದೆ. ಮನೆ ಮಟ್ಟದ ರಾಗಿಗೆ ಅಷ್ಟು ದೂರ ಹೋಗುವುದು ದುಬಾರಿ.

ಅಕ್ಕಡಿ ಸಾಲಿನಲ್ಲಿ ಸಾಸಿವೆ ಹಾಕುವುದನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ಆ ಪದ್ಧತಿ ಉಳಿಯಬೇಕು ಎನ್ನುವವನು ನಾನು. ಸಾಸಿವೆ ರಾಗಿಗಿಂತ ಮೊದಲು ಮಾಗುತ್ತದೆ. ಕಾಯಿ ಹಳದಿಗೆ ತಿರುಗಿದ ಕೂಡಲೇ, ಸಿಡಿಯುವ ಮೊದಲೇ, ಬೆಳಗಿನ ಇಬ್ಬನಿಯಲ್ಲಿ ಗಿಡ ಕಿತ್ತು ಹೊರಗೆ ಸಾಗಿಸಿದರೆ ಈ ಪ್ರಶ್ನೆಯೇ ಬರುವುದಿಲ್ಲ. ಈ ವರ್ಷದ ರಾಗಿಯನ್ನು ಹಾಗೇ ಹಿಟ್ಟು ಮಾಡಿಸಿ, ಸ್ವಲ್ಪ ಸಾಸಿವೆಯಿಂದ ಮುದ್ದೆ ಕೆಡುವುದಿಲ್ಲ. ಬೀಜಕ್ಕೆ ಮಾತ್ರ ಬೇರೆ ರಾಗಿ ತನ್ನಿ.

ಪ್ರಶ್ನೆ: ಅಂಗಡಿಯಲ್ಲಿ ‘ಸಾರ್ಟೆಕ್ಸ್ ಅಕ್ಕಿ’ ಎಂದು ಹೆಚ್ಚು ಬೆಲೆ ಹೇಳುತ್ತಾರೆ. ಅದು ಯಾವ ತಳಿ?
– ಒಬ್ಬ ವಿದ್ಯಾರ್ಥಿ, ಮಂಡ್ಯ

ಉತ್ತರ: ತಳಿಯಲ್ಲ, ಯಂತ್ರದ ಹೆಸರು. ಇಂಗ್ಲೆಂಡಿನ ಒಂದು ಕಂಪನಿಯ ಬಣ್ಣ ನೋಡಿ ಬೇರ್ಪಡಿಸುವ ಯಂತ್ರಕ್ಕೆ ಆ ಹೆಸರಿತ್ತು, ಈಗ ಯಾವ ಕಂಪನಿಯ ಯಂತ್ರದಲ್ಲಿ ಹಾಯ್ದರೂ ಸಾರ್ಟೆಕ್ಸ್ ಎಂದೇ ಕರೆಯುತ್ತಾರೆ. ಅಕ್ಕಿ ಇಳಿಜಾರಿನ ಕಾಲುವೆಗಳಲ್ಲಿ ಒಂದೊಂದೇ ಕಾಳಾಗಿ ಜಾರಿ ಬೀಳುವಾಗ ಕ್ಯಾಮೆರಾ ನೋಡುತ್ತದೆ. ಕಪ್ಪು ಚುಕ್ಕೆಯ ಕಾಳು, ಹಳದಿ ಕಾಳು ಕಂಡರೆ ಕಣ್ಣು ಮಿಟುಕಿಸುವುದರೊಳಗೆ ಸೂಜಿಯಂಥ ಗಾಳಿಯ ಹೊಡೆತ ಬಿದ್ದು ಅದು ಪಕ್ಕಕ್ಕೆ ಹಾರುತ್ತದೆ. ಆ ಗಾಳಿಗೆ ಅಕ್ಕಪಕ್ಕದ ಒಂದೆರಡು ಒಳ್ಳೆಯ ಕಾಳೂ ಹಾರುತ್ತವೆ, ಅದಕ್ಕೇ ಹಾರಿದ್ದನ್ನು ಗಿರಣಿಯವರು ಮತ್ತೊಮ್ಮೆ ಹಾಯಿಸುತ್ತಾರೆ. ಗಂಗಾವತಿ, ಸಿಂಧನೂರು ಕಡೆಯ ಗಿರಣಿಗಳಲ್ಲಿ ನೋಡಲು ಬಿಟ್ಟರೆ ಹೋಗಿ ನೋಡಿ. ಆದರೆ ಯಂತ್ರ ನೋಡುವುದು ಬಣ್ಣವನ್ನು, ರುಚಿಯನ್ನಲ್ಲ. ಬೇಯಿಸಿದಾಗ ಅನ್ನ ಹೇಗಿರುತ್ತದೆ ಎಂಬುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಪ್ರಶ್ನೆ: ಕೈಯಿಂದ ಹಿಡಿ ತಿರುಗಿಸುವ ತೂರುವ ಯಂತ್ರವನ್ನು ಮೊದಲು ಮಾಡಿದವರು ಯಾರು?
– ಎಂಟನೆಯ ತರಗತಿ ವಿದ್ಯಾರ್ಥಿನಿ, ಕಡೂರು

ಉತ್ತರ: ಚೀನಾದವರು, ಮಗೂ. ಎರಡು ಸಾವಿರ ವರ್ಷದ ಹಿಂದಿನ ಹಾನ್ ರಾಜರ ಕಾಲದ ಸಮಾಧಿಗಳಲ್ಲಿ ಇಂಥ ಯಂತ್ರದ ಮಣ್ಣಿನ ಮಾದರಿಗಳು ಸಿಕ್ಕಿವೆ. ಯುರೋಪಿನವರು ಇದನ್ನು ಕಂಡದ್ದು ಬಹಳ ತಡವಾಗಿ. 1710ರಲ್ಲಿ ಜೇಮ್ಸ್ ಮೀಕಲ್ ಎಂಬಾತ ಹಾಲೆಂಡಿಗೆ ಹೋಗಿ ನೋಡಿಕೊಂಡು ಬಂದು ಸ್ಕಾಟ್ಲೆಂಡಿನಲ್ಲಿ ಕಟ್ಟಿದ. ದೇವರು ಕೊಡುವ ಗಾಳಿಗೆ ಕಾಯದೆ ಮನುಷ್ಯ ತಾನೇ ಗಾಳಿ ಮಾಡುವುದು ತಪ್ಪು ಎಂದು ಅಲ್ಲಿಯ ಕೆಲವರು ವಿರೋಧಿಸಿದರು. ಅವನ ಮಗ ಆಂಡ್ರ್ಯೂ 1786ರ ಸುಮಾರಿಗೆ ಒಕ್ಕುವ ಯಂತ್ರವನ್ನೇ ಮಾಡಿದ.

ನಿಮ್ಮ ಅಜ್ಜಿಯ ಮನೆಯಲ್ಲಿ ಮೊರ ಇದ್ದರೆ ಅವರು ಕೇರುವುದನ್ನು ಒಮ್ಮೆ ಹತ್ತಿರದಿಂದ ನೋಡು. ಮೊರವನ್ನು ಮೇಲಕ್ಕೆ ಚಿಮ್ಮಿಸಿ ಕಾಳು ಕೆಳಗೆ ಬರುವಷ್ಟರಲ್ಲಿ ತುಸು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಆ ಎಳೆತಕ್ಕೆ ಗಾಳಿ ಹುಟ್ಟಿ ಹೊಟ್ಟು ಮುಂದಕ್ಕೆ ಹಾರುತ್ತದೆ. ಆಮೇಲೆ ಚಿಮ್ಮಿಸುವುದನ್ನು ನಿಲ್ಲಿಸಿ ಮೊರವನ್ನು ಅಡ್ಡಡ್ಡ ಅಲುಗಿಸುತ್ತಾ ಒನೆಯುತ್ತಾರೆ. ಆಗ ಕಾಳು ಒಂದು ಕಡೆ, ಕಲ್ಲು ಒಂದು ಕಡೆ ಸರಿಯುತ್ತದೆ. ಗಾಳಿ ಯಂತ್ರ, ಡಿಸ್ಟೋನರ್, ಗ್ರಾವಿಟಿ ಟೇಬಲ್ ಮಾಡುವ ಕೆಲಸಗಳೆಲ್ಲ ಆ ಎರಡು ಕೈಗಳಲ್ಲಿ ಇವೆ. ನನ್ನ ದೊಡ್ಡಮ್ಮನ ಒನೆತವನ್ನು ನೋಡಿದ್ದರಿಂದಲೇ ಡಿಸ್ಟೋನರಿನ ಹಾಸನ್ನು ಎಷ್ಟು ಓರೆ ಮಾಡಬೇಕೆಂದು ನನಗೆ ಬೇಗ ತಿಳಿಯಿತು.

ಪ್ರಶ್ನೆ: ಒಕ್ಕುವ ಯಂತ್ರವನ್ನು ಬಾಡಿಗೆಗೆ ಬಿಡುತ್ತೇನೆ. ತೆನೆ ಕೊಡುವ ಬಾಯಿಯ ಉದ್ದ ತಗಡನ್ನು ಕತ್ತರಿಸಿದರೆ ಕೆಲಸ ಬೇಗ ಸಾಗುತ್ತದೆ ಎಂದು ಕೂಲಿಯವರು ಹೇಳುತ್ತಾರೆ. ಕತ್ತರಿಸಬಹುದೇ?
– ಒಬ್ಬ ಟ್ರ್ಯಾಕ್ಟರ್ ಮಾಲೀಕರು, ಹಿರಿಯೂರು ತಾಲ್ಲೂಕು

ಉತ್ತರ: ಬೇಡ. ಕೈ ಮುಗಿದು ಕೇಳುತ್ತೇನೆ, ಬೇಡ.

ಆ ತಗಡು ಕನಿಷ್ಠ 90 ಸೆಂಟಿಮೀಟರ್ ಉದ್ದ ಇರಬೇಕು, ಡ್ರಮ್ಮಿನ ಕಡೆಯ 45 ಸೆಂಟಿಮೀಟರ್ ಮೇಲೆ ಮುಚ್ಚಿರಬೇಕು ಎಂದು ಮಾನದಂಡ ಇರುವುದು ಮನುಷ್ಯನ ತೋಳಿನ ಅಳತೆ ನೋಡಿ. ನಿಮ್ಮ ಕೈಯನ್ನು ಭುಜದವರೆಗೆ ಅಳೆದು ನೋಡಿ, ಆ ಅಳತೆ ಏಕೆ ಎಂದು ತಿಳಿಯುತ್ತದೆ. 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣಕ್ಕೆಂದೇ ಸಂಸತ್ತು ಕಾಯ್ದೆ ಮಾಡಿತು. ಒಕ್ಕುವ ಯಂತ್ರಗಳಲ್ಲಿ ಕೈ ಕಳೆದುಕೊಂಡವರ ಸಂಖ್ಯೆ ಅಷ್ಟಾಗಿದ್ದರಿಂದಲೇ ಅದು ಬಂದದ್ದು.

ನಮ್ಮ ಪಕ್ಕದ ಊರಿನಲ್ಲಿ ಇಂಥದ್ದೇ ಕತ್ತರಿಸಿದ ಬಾಯಿಗೆ ಹಸಿ ತೆನೆ ಸಿಕ್ಕಿಕೊಂಡಿತು. ಅದನ್ನು ಒಳಕ್ಕೆ ತಳ್ಳಲು ಹೋದ ಹುಡುಗನ ಬಲಗೈಯ ಮೂರು ಬೆರಳು ಹೋದವು. ಯಂತ್ರದ ಬೆಲ್ಟನ್ನು ಕಿತ್ತು ಎಸೆದವನು ನಾನು. ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಅವನು ಈಗ ಎಡಗೈಯಲ್ಲಿ ಬರೆಯಲು ಕಲಿತಿದ್ದಾನೆ. ಕೆಲಸ ಬೇಗ ಆಗಬೇಕಾದರೆ ತೆನೆಯನ್ನು ಚೆನ್ನಾಗಿ ಒಣಗಿಸಿ ಕೊಡಿ, ಸಿಕ್ಕಿಕೊಂಡರೆ ಯಂತ್ರ ನಿಲ್ಲಿಸಿ ತೆಗೆಯಿರಿ. ಸಡಿಲ ಸೆರಗು, ಪಂಚೆ, ಕೈಗೆ ಸುತ್ತಿದ ಟವೆಲ್, ಬಳೆ, ಕಡಗ ಇದ್ದವರನ್ನು ಬಾಯಿಯ ಹತ್ತಿರ ನಿಲ್ಲಿಸಬೇಡಿ. ಕುಡಿದವರನ್ನು ಕಣದ ಹತ್ತಿರವೇ ಬಿಡಬೇಡಿ. ಬೆಲ್ಟಿಗೆ ಕಬ್ಬಿಣದ ಜಾಲರಿ ಮುಚ್ಚಿ. ರಾತ್ರಿ ಹನ್ನೆರಡರವರೆಗೆ ಓಡಿಸಿ ಎಂದು ರೈತರು ಒತ್ತಾಯ ಮಾಡಿದರೆ ನಾಳೆ ಬರುತ್ತೇನೆ ಎಂದು ಹೇಳಿ ಮನೆಗೆ ಹೋಗಿ.

ದೂಳಿನ ಬಗ್ಗೆಯೂ ಒಂದು ಮಾತು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುವುದು ಏನೂ ಇಲ್ಲದ್ದಕ್ಕಿಂತ ಮೇಲು, ಆದರೆ ಸಾಲದು. ಔಷಧಿ ಅಂಗಡಿಯಲ್ಲಿ ಸಿಗುವ ಎನ್-95 ಮುಖಗವಸನ್ನು ನಿಮ್ಮ ಕೂಲಿಯವರಿಗೆ ನೀವೇ ಕೊಡಿಸಿ. ನನ್ನ ಎದೆಯಲ್ಲಿ ಇಪ್ಪತ್ತಾರು ವರ್ಷದ ದೂಳು ಇದೆ, ಚಳಿಗಾಲದ ಬೆಳಗಿನ ಜಾವ ಅದು ತನ್ನ ಲೆಕ್ಕ ಕೇಳುತ್ತದೆ.

ಪ್ರಶ್ನೆ: ರಾಗಿ ಹಸನು ಮಾಡಿದ ಮೇಲೆ ಉಳಿಯುವ ಕಸದ ಚೀಲಗಳನ್ನು ಏನು ಮಾಡುವುದು? ನಾವು ತಿಪ್ಪೆಗೆ ಸುರಿಯುತ್ತೇವೆ.
– ಕುಣಿಗಲ್‌ನಿಂದ ಒಬ್ಬರು

ಉತ್ತರ: ಎಲ್ಲವನ್ನೂ ಒಂದೇ ಕಡೆ ಸುರಿಯಬೇಡಿ, ಯಂತ್ರವೇ ಬೇರೆ ಬೇರೆ ಮಾಡಿ ಕೊಟ್ಟಿದೆಯಲ್ಲ. ಗಾಳಿಯ ಬಾಯಿಯ ಹೊಟ್ಟು ತಿಪ್ಪೆಗೆ ಹೋಗಲಿ. ಜೊಳ್ಳು ಮತ್ತು ಸಣಕಲು ಕಾಳು ಕೋಳಿಗಳಿಗೆ. ಮೇಲಿನ ಜರಡಿಯಲ್ಲಿ ನಿಂತ ತೆನೆ ತುಣುಕುಗಳಲ್ಲಿ ಇನ್ನೂ ರಾಗಿ ಇರುತ್ತದೆ, ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದು ಮತ್ತೊಮ್ಮೆ ಯಂತ್ರಕ್ಕೆ ಹಾಕಿ. ಕಲ್ಲಿನ ಚೀಲವನ್ನು ಬಚ್ಚಲ ಹಿಂದಿನ ಕೆಸರಿಗೆ ಸುರಿದು ತುಳಿದುಬಿಡಿ.

ಕೆಳಗಿನ ಜರಡಿಯಿಂದ ಉದುರಿದ ದೂಳಿನ ಚೀಲ ಮಾತ್ರ ಬೇರೆ. ಅದರಲ್ಲಿ ಒಂದು ಚಿಟಿಕೆ ಅಂಗೈ ಮೇಲೆ ಹರಡಿ ನೋಡಿ: ಕಪ್ಪಗೆ ಹೊಳೆಯುವ ಕೀರೆ ಬೀಜ, ಕಾಡು ರಾಗಿಯ ಬೀಜ, ಇನ್ನೂ ಏನೇನೋ. ತಿಪ್ಪೆ ಚೆನ್ನಾಗಿ ಕಾವು ಬಂದು ಕೊಳೆಯದಿದ್ದರೆ ಅವು ಸಾಯುವುದಿಲ್ಲ. ಬೇಸಿಗೆಯಲ್ಲಿ ನೀವು ಗೊಬ್ಬರ ಹೊಡೆಯುವಾಗ ಗಾಡಿ ಹತ್ತಿ ಹೊಲಕ್ಕೆ ವಾಪಸು ಹೋಗುತ್ತವೆ. ಆ ಚೀಲವನ್ನು ಗುಂಡಿಗೆ ಸುರಿದು, ಮೇಲೆ ಒಣ ಸೋಗೆ ಹಾಕಿ ಸುಟ್ಟುಬಿಡಿ. ಗಾಳಿ ಇಲ್ಲದ ಸಂಜೆ ನೋಡಿಕೊಂಡು, ಬಣವೆಯಿಂದ ದೂರದಲ್ಲಿ.